ಅಜ್ಜನ ಕಾಲದ ಕಪ್ಪು ಡಯಲ್ ಫೋನ್ ಮಂಕಾಗಿದೆ. ಪೇಂಟ್ ಹೊಡೆಸಲೇ, ಉಜ್ಜಿ ಪಾಲಿಶ್ ಮಾಡಿಸಲೇ?

ಎರಡೂ ಬೇಡ. ಪೇಂಟಂತೂ ಬೇಡವೇ ಬೇಡ.

ನಿಮ್ಮ ಹಾಗೆ ನನಗೂ ಮೊದಲು ಕಣ್ಣಿಗೆ ಬಿದ್ದದ್ದು ಮಂಕು ಬಣ್ಣವೇ. ಬೆಂಗಳೂರಿನ ಚಿಕ್ಕಪೇಟೆ ಹತ್ತಿರದ ಸಂಡೇ ಬಜಾರಿನಲ್ಲಿ, ತುಕ್ಕು ಹಿಡಿದ ಸ್ಪ್ಯಾನರುಗಳ ನಡುವೆ ಒಂದು ಐಟಿಐ (ಇಂಡಿಯನ್ ಟೆಲಿಫೋನ್ ಇಂಡಸ್ಟ್ರೀಸ್) ಫೋನ್ ಸಿಕ್ಕಿತ್ತು. ದೂರವಾಣಿನಗರದಲ್ಲಿ 1948ರಲ್ಲಿ ಶುರುವಾದ ಕಾರ್ಖಾನೆಯ ಮಾಲು. ಕಪ್ಪು ಬೇಕಲೈಟಿನದು, ಅಂದರೆ ಹಳೇ ಕಾಲದ ಗಟ್ಟಿ ಪ್ಲಾಸ್ಟಿಕ್ಕಿನದು, ಒಳ್ಳೇ ಭಾರ. ಮನೆಗೆ ತಂದವನೇ ವಾಟರ್ ಪೇಪರ್ ಹಿಡಿದು ಕೂತೆ.

ಅಲ್ಲೇ ಕೆಟ್ಟಿದ್ದು. ಬೇಕಲೈಟ್ ಒಳಗೂ ಹೊರಗೂ ಒಂದೇ ಥರ ಅಂದುಕೊಂಡಿದ್ದೆ. ಅಲ್ಲ. ರಾಳಕ್ಕೆ ಮರದ ಹುಡಿ ಬೆರೆಸಿ ಬಿಸಿ ಅಚ್ಚಿನಲ್ಲಿ ಒತ್ತಿ ಮಾಡಿದ್ದು ಅದು. ಹೊಳಪೆಲ್ಲ ಮೇಲಿನ ತೆಳು ರಾಳದ ಪದರದ್ದು. ನಾನು ಉಜ್ಜಿ ತೆಗೆದದ್ದು ಅದನ್ನೇ. ಅಡಿಯಿಂದ ಕಂದು ಚುಕ್ಕೆ ಚುಕ್ಕೆಯಾಗಿ ಹುಡಿ ಕಾಣಿಸಿತು. ಇನ್ನಷ್ಟು ಉಜ್ಜಿದರೆ ಸರಿಹೋದೀತು ಅಂತ ಇನ್ನಷ್ಟು ಉಜ್ಜಿದೆ! ಪದರ ಹೋದ ಜಾಗ ನೀರು, ಬೆವರು ಎಲ್ಲ ಹೀರುತ್ತದೆ. ಪಾಲಿಶ್ ಹಾಕಿದರೂ ಸ್ವಲ್ಪ ದಿನಕ್ಕೆ ಮತ್ತೆ ಮಂಕು. ಬಿಸಿ ಮಾಡಿ ಸರಿಮಾಡೋಣ ಅಂದರೆ ಬೇಕಲೈಟ್ ಕರಗುವ ಜಾತಿಯಲ್ಲ. ಹೋದದ್ದು ಹೋಯಿತು.

ಒದ್ದೆ ಬಟ್ಟೆ, ಒಂದು ಹನಿ ಸೋಪು, ಒಣಗಿದ ಮೇಲೆ ಕಾರಿಗೆ ಹಚ್ಚುವ ವ್ಯಾಕ್ಸ್. ಅಷ್ಟೇ ಸಾಕು. ಮಂಕು ಉಳಿದರೆ ಉಳಿಯಲಿ ಬಿಡಿ. ಫಳಫಳ ಹೊಳೆಯುವ ಹಳೇ ಫೋನ್ ನೋಡಿದರೆ ನನಗೆ ಅನುಮಾನವೇ ಜಾಸ್ತಿ. ಆಂಟಿಕ್ ಅಂತ ಮಾರುವ ಹಿತ್ತಾಳೆಯವಂತೂ ಬಹಳಷ್ಟು ಹೊಸದಾಗಿ ಮಾಡಿದವೇ.

ನೀವು ನೋಡಬೇಕಾದ್ದು ಡಯಲನ್ನು. 0 ತಿರುಗಿಸಿ ಬಿಡಿ. ವಾಪಸ್ ಬರಲು ಒಂದು ಸೆಕೆಂಡಿಗಿಂತ ಕೊಂಚ ಜಾಸ್ತಿ ಹಿಡಿಯಬೇಕು. 0 ಅಂದರೆ ಲೈನಿಗೆ 10 ಪಲ್ಸ್ (ವಿದ್ಯುತ್ ಮಿಡಿತ), ಸೆಕೆಂಡಿಗೆ 10ರ ಲೆಕ್ಕ. ಕುಂಟುತ್ತಿದ್ದರೆ ಒಳಗಿನ ಎಣ್ಣೆ ಗಟ್ಟಿಯಾಗಿರುತ್ತದೆ. ಒರೆಸಿ ತೆಗೆದು, ಹಲ್ಲುಚಕ್ರದ ಅಚ್ಚಿಗೆ ಸೂಜಿ ತುದಿಯಲ್ಲಿ ವಾಚ್ ಎಣ್ಣೆ ಮುಟ್ಟಿಸಿ. ವೇಗ ಹಿಡಿಯುವ ಗವರ್ನರ್ ಉಜ್ಜುವ ಜಾಗಕ್ಕೆ ಮಾತ್ರ ಎಣ್ಣೆ ತಾಗಬಾರದು. ಕಾಂಟ್ಯಾಕ್ಟುಗಳ ನಡುವೆ ದಪ್ಪ ಕಾಗದದ ಚೂರು ತೂರಿಸಿ ಎಳೆಯಿರಿ, ಕೊಳೆ ಬರುತ್ತದೆ. ಲೈನ್ ತೆಗೆದೇ ಬಿಚ್ಚಿ. ರಿಂಗ್ ಆಗುವಾಗ ತಂತಿಯಲ್ಲಿ 75 ವೋಲ್ಟ್ ಆಸುಪಾಸು ಎಸಿ ಇರುತ್ತದೆ, ಕೈ ಜುಮ್ ಅನ್ನುತ್ತದೆ.

ನಿಮ್ಮ ಮಾತು ಆಚೆ ಕಡೆಯವರಿಗೆ ಮಂಕಾಗಿ ಕೇಳಿದರೆ ಹ್ಯಾಂಡ್‌ಸೆಟ್ಟಿನ ಬಾಯಿ ಕಡೆಯನ್ನು ಅಂಗೈಗೆ ಮೆಲ್ಲಗೆ ತಟ್ಟಿ. ಮೈಕಿನ ಕಾರ್ಬನ್ ಹರಳುಗಳು ಒಂದಕ್ಕೊಂದು ಅಂಟಿಕೊಂಡಿರುತ್ತವೆ.

ಮನೆಯಲ್ಲಿ ಫೈಬರ್ ಇದ್ದರೆ ಇನ್ನೊಂದು ತೊಂದರೆ. ಹಲವು ಮೋಡೆಮ್‌ಗಳ ಫೋನ್ ಪೋರ್ಟಿಗೆ ಪಲ್ಸ್ ಅರ್ಥವಾಗುವುದಿಲ್ಲ. ಬಂದ ಕರೆ ಎತ್ತಬಹುದು, ಡಯಲ್ ಮಾಡಿದರೆ ಹೋಗುವುದಿಲ್ಲ. ಪೇಂಟಿಗೆ ಇಟ್ಟ ದುಡ್ಡಿನಲ್ಲಿ ಪಲ್ಸನ್ನು ಬಟನ್ ಫೋನಿನ ಟೋನ್ ಆಗಿ ಬದಲಿಸುವ ಒಂದು ಪಲ್ಸ್-ಟೋನ್ ಕನ್ವರ್ಟರ್ ತೆಗೆದುಕೊಳ್ಳಿ.