ಸ್ಟೀಲ್ ಮೇಲೆ ಉಳಿಯ ಮೊನೆ ಮುರಿಯುತ್ತಿದ್ದರೆ

ಬೆಳ್ಳಿ ತಟ್ಟೆ ಮೇಲೆ ಸಲೀಸಾಗಿ ಓಡುವ, ಅಕ್ಷರ ಕೆತ್ತುವ ಉಳಿ ಸ್ಟೇನ್‌ಲೆಸ್ ಸ್ಟೀಲ್ ಲೋಟಕ್ಕಿಟ್ಟ ಕೂಡಲೇ ಮೊನೆ ಕಳೆದುಕೊಳ್ಳುತ್ತದೆ ಅಂದಿರಲ್ಲ ಸಾರ್, ನಿಮ್ಮ ಕೈ ಸರಿಯಾಗೇ ಇದೆ. ಉಳಿಯ ಮುಖದ, ಅಂದರೆ ತುದಿಯಲ್ಲಿ ಓರೆಯಾಗಿ ತೇದ ಭಾಗದ, ಕೋನ ನೋಡಿ. ಬೆಳ್ಳಿ, ಹಿತ್ತಾಳೆಗೆ 45 ಡಿಗ್ರಿ ಸಾಕು. ಸ್ಟೀಲಿಗೆ 50ರಿಂದ 55ಕ್ಕೆ ಏರಿಸಿ, ಮೊನೆಯ ಹಿಂದೆ ದಪ್ಪ ಉಳಿದು ಪೆಟ್ಟು ತಡೆಯುತ್ತದೆ. ಅಡಿಯ ವಿ ಆಕಾರ 120 ಡಿಗ್ರಿ ಇರಲಿ. 90 ಆದರೆ ಗೆರೆ ಕಿರಿದಾಗಿ ಆಳಕ್ಕಿಳಿಯುತ್ತದೆ ನಿಜ, ಆದರೆ ಮೊನೆ ತೀರಾ ನಾಜೂಕು.

ಬಹಳ ಜನ ಮರೆಯುವುದು ಹೀಲ್. ಮೊನೆಯ ಅಡಿಯಲ್ಲಿ 15ರಿಂದ 20 ಡಿಗ್ರಿಯ ಪುಟ್ಟ ಇಳಿಜಾರು, ಉದ್ದ ಅರ್ಧ ಮಿಲಿಮೀಟರಿಗಿಂತ ಕಡಿಮೆ. ನಾನು ಮೊದಮೊದಲು ಉದ್ದ ಬಿಡುತ್ತಿದ್ದೆ. 'ಶ್ರೀ' ಅಕ್ಷರದ ಸುತ್ತು ತಿರುಗಿಸುವಾಗ ಹೊರಗಿನ ಅಂಚೆಲ್ಲ ಉಜ್ಜಿಹೋಗಿ ಮಂಕಾಗುತ್ತಿತ್ತು. ಗೆರೆ ಫಳಫಳ ಹೊಳೆಯಬೇಕಾದರೆ ಹೀಲನ್ನು ಕೊನೆಗೆ ನುಣುಪು ಡೈಮಂಡ್ ಪೇಸ್ಟಿನಲ್ಲಿ ಪಾಲಿಶ್ ಮಾಡಲೇಬೇಕು.

ಉಳಿ ಕಾರ್ಬನ್ ಸ್ಟೀಲಿನದಾದರೆ ಸಾಣೆ ಚಕ್ರಕ್ಕೆ ಒತ್ತಿ ಹಿಡಿಯಬೇಡಿ, ಆಗಾಗ ನೀರಿಗೆ ಅದ್ದಿ. ತುದಿ ನೀಲಿಗಟ್ಟಿತೋ, ಹದ ಹೋಯಿತು. ಅಷ್ಟು ಭಾಗ ತೇದು ತೆಗೆಯಬೇಕು. ಆಮೇಲೆ ಹೆಬ್ಬೆರಳ ಉಗುರಿನ ಮೇಲೆ ಮೊನೆಯನ್ನು ಹಗುರವಾಗಿ ಇಟ್ಟು ನೋಡಿ. ಜಾರಿದರೆ ಇನ್ನೂ ಹರಿತ ಬಂದಿಲ್ಲ, ಕಚ್ಚಿ ನಿಂತರೆ ಲೋಟ ಕೈಗೆತ್ತಿಕೊಳ್ಳಿ.