ಸುರಂಗದ ಬಾಯಿ ಮಾತ್ರ ಫೋನಿಗೆ ಸಿಗುತ್ತದೆ

ಕಾಸರಗೋಡಿನ ಹಳ್ಳಿಗಳ ಪರಂಪರೆಯನ್ನು ನಕ್ಷೆಗೆ ಏರಿಸುವುದಕ್ಕೆ ಹಿರಿಯರೇ ಯಾಕೆ ಬೇಕು, ಫೋನು ಹಿಡಿದ ಹುಡುಗರು ಸಾಲದೇ ಎಂದು ಕೇಳಿದ್ದೀರಿ. ಬೇಕಲ ಕೋಟೆ, ಅನಂತಪುರದ ಕೆರೆ ದೇವಸ್ಥಾನ ಯಾವ ನಕ್ಷೆಯಲ್ಲಾದರೂ ಸಿಗುತ್ತವೆ. ಅದಕ್ಕೆ ಅಜ್ಜಂದಿರು ಬೇಡ. ಸಿಗದೇ ಇರುವುದು ನೀರಿಗಾಗಿ ಗುಡ್ಡದಲ್ಲಿ ತೋಡಿದ ಸುರಂಗ, ಹಳ್ಳಕ್ಕೆ ಅಡ್ಡ ಹಾಕುವ ಕಟ್ಟ, ಮಳೆನೀರು ನಿಲ್ಲಿಸುವ ಮದಕ, ದೇವರ ಕಾಡಾದ ಬನ. ನಮ್ಮ ಬದುಕು ನಿಂತಿರುವುದು ಇವುಗಳ ಮೇಲೆ.

ಸುರಂಗದಿಂದಲೇ ಶುರು ಮಾಡುತ್ತೇನೆ. ಇಲ್ಲಿ ಮಳೆಗೇನೂ ಕೊರತೆ ಇಲ್ಲ. ಆದರೆ ಮುರಕಲ್ಲಿನ (ಜಂಬಿಟ್ಟಿಗೆಯ) ಗುಡ್ಡದಲ್ಲಿ ನೀರು ನಿಲ್ಲುವುದಿಲ್ಲ, ಬೇಗ ಇಳಿದು ಹೋಗುತ್ತದೆ. ಹಾಗಾಗಿ ಹಿಂದಿನವರು ಗುಡ್ಡದ ಬದಿಯಿಂದ ಅಡ್ಡಕ್ಕೆ ಕೊರೆದರು. ಒಬ್ಬ ಮನುಷ್ಯ ಪಿಕ್ಕಾಸು ಹಿಡಿದು ಒಳಗೆ ಹೋಗುವಷ್ಟೇ ಅಗಲ. ಮುರಕಲ್ಲು ದಾಟಿ ಮೆತ್ತಗಿನ ಮಣ್ಣು ಸಿಕ್ಕಾಗ ನೀರು ಜಿನುಗಲು ಶುರುವಾಗುತ್ತದೆ. ಅದು ತಾನಾಗಿ ಹರಿದು ಹೊರಗಿನ ತೊಟ್ಟಿಗೆ, ಕೆರೆಗೆ ಬರುತ್ತದೆ. ಪಂಪು ಬೇಡ, ಕರೆಂಟು ಬೇಡ. ಎಣ್ಮಕಜೆ, ಬಾಯಾರು, ಗಡಿಯಾಚೆ ಬಂಟ್ವಾಳ ತಾಲೂಕಿನ ಮಾಣಿಲ, ಈ ಕಡೆಯೆಲ್ಲ ಇವು ಇನ್ನೂ ಇವೆ. ಈಗಲೂ ಸುರಂಗದ ನೀರೇ ಕುಡಿಯುವ ಮನೆಗಳಿವೆ.

ಹುಡುಗರು ಫೋನಿನಲ್ಲಿ ಗುರುತು ಮಾಡುವುದು ಸುರಂಗದ ಬಾಯಿಯನ್ನು. ಒಳಗೆ ಹೋದರೆ ಜಿಪಿಎಸ್ ಕೆಲಸ ಮಾಡುವುದಿಲ್ಲ. ಅದು ಯಾವ ಕಡೆ ತಿರುಗಿದೆ, ಎಲ್ಲಿ ಕವಲಾಗಿದೆ, ಎಷ್ಟು ಕೋಲು ಉದ್ದ ಎಂಬುದು ತೋಡಿದವರಿಗೆ, ಅವರ ಮನೆಯವರಿಗೆ ಮಾತ್ರ ಗೊತ್ತು. ಒಂದು ಕೋಲು ಅಂದರೆ ಸುಮಾರು ಎರಡೂವರೆ ಅಡಿ. ಈ ಜಾಗದಲ್ಲೇ ಯಾಕೆ ತೋಡಿದ್ದು ಎಂದು ಕೇಳಿದರೆ ಹಿರಿಯರು ಮೊದಲು ಮರ ತೋರಿಸುತ್ತಾರೆ. ಧೂಪದ ಮರ, ಬಸರಿ ಮರ, ಹತ್ತಿರದ ಹುತ್ತ, ಇವೆಲ್ಲ ಅವರಿಗೆ ನೀರಿನ ಗುರುತು. ಅಂದಮೇಲೆ ಮರದ ಪಟ್ಟಿ ಒಂದು ಕಡೆ, ನೀರಿನ ಪಟ್ಟಿ ಇನ್ನೊಂದು ಕಡೆ ಬರೆದರೆ ಅರ್ಧ ವಿಷಯ ಹೋದಂತೆ, ಅಲ್ವಾ? ಆ ಮರ ಕಡಿದು ಮೇಲೆ ಬೋರ್‌ವೆಲ್ ಕೊರೆದಾಗ ಕೆಳಗಿನ ಸುರಂಗ ಯಾವ ವರ್ಷ ಬತ್ತಿತು ಎಂಬುದೂ ಅವರಿಗೇ ನೆನಪು. ನನಗೆ ಎಲ್ಲಕ್ಕಿಂತ ಮುಖ್ಯ ಅನಿಸುವ ಮಾಹಿತಿ ಅದೇ.

ಕಟ್ಟದ ಕಥೆ ಬೇರೆ. ಅದು ವರ್ಷವಿಡೀ ಇರುವುದಿಲ್ಲ. ಮಳೆ ಮುಗಿದ ಮೇಲೆ ಕಲ್ಲು, ಮಣ್ಣು, ಮರ ಹಾಕಿ ತೋಡಿಗೆ, ಅಂದರೆ ಹಳ್ಳಕ್ಕೆ, ಅಡ್ಡ ಕಟ್ಟುತ್ತಾರೆ. ಮಳೆಗಾಲ ಬಂದರೆ ಅದು ಹೋಗುತ್ತದೆ. ಏತಡ್ಕದ ಕಡೆ ಒಂದೇ ತೋಡಿಗೆ ಸಾಲಾಗಿ ಕಟ್ಟಗಳಿದ್ದವು. ಕಟ್ಟದ ನೀರಿನಿಂದ ಸುತ್ತಲಿನ ಬಾವಿಗಳೂ ತುಂಬುತ್ತವೆ. ಜುಲೈಯಲ್ಲಿ ಬಂದು ನೋಡಿದರೆ ಬರೀ ಹರಿಯುವ ನೀರು. "ಬೇಸಿಗೆಯಲ್ಲಿ ಬಾ ಮಾರಾಯ, ಆಗ ಗೊತ್ತಾಗ್ತದೆ" ಎಂದು ಹಿರಿಯರು ಹೇಳುವುದು ಸುಮ್ನೆ ಅಲ್ಲ. ನಕ್ಷೆಯಲ್ಲಿ ಜಾಗದ ಜೊತೆ ತಿಂಗಳನ್ನೂ ಬರೆಯಬೇಕು.

ಬನದ ವಿಷಯದಲ್ಲಿ ನನ್ನ ಅಭಿಪ್ರಾಯ ಗಟ್ಟಿ. ನಾಗಬನದ ಮರ ಕಡಿದು ಸಿಮೆಂಟ್ ಕಟ್ಟೆ ಕಟ್ಟುವುದು ಜಾಸ್ತಿಯಾಗಿದೆ. ಉಳಿದ ಬನಗಳಲ್ಲಿ ಏನೇನು ಮರ, ಬಳ್ಳಿ ಇವೆ ಎಂದು ಈಗಲೇ ಬರೆದಿಡಬೇಕು. ಆದರೆ ಮನೆಯವರನ್ನು ಕೇಳದೆ ಫೋಟೋ ತೆಗೆಯಬಾರದು. ಅಪರೂಪದ ಮದ್ದಿನ ಗಿಡ ಎಲ್ಲಿದೆ ಎಂದು ಲೋಕಕ್ಕೆಲ್ಲ ತೋರಿಸಲೂಬಾರದು. ಅಂಥದ್ದು ಊರಿನ ಪುಸ್ತಕದಲ್ಲಿದ್ದರೆ ಸಾಕು. 2002ರ ಜೀವವೈವಿಧ್ಯ ಕಾಯ್ದೆಯ ಪ್ರಕಾರ ಪಂಚಾಯತಿಯಲ್ಲಿ ಜನರ ಜೀವವೈವಿಧ್ಯ ದಾಖಲೆ ಇಡಬೇಕು. ಹುಡುಗರು ಆ ದಾಖಲೆ ಕೇಳಿ ನೋಡಲಿ, ಬಿಟ್ಟುಹೋದದ್ದನ್ನು ಸೇರಿಸಲು ಹೇಳಲಿ.

ನೋವಿನದ್ದೂ ಬರೆಯಬೇಕು. 1970ರ ದಶಕದ ಕೊನೆಯಿಂದ 2000ದವರೆಗೆ ಇಲ್ಲಿನ ಗೇರು ತೋಟಗಳಿಗೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಎಂಬ ಕೀಟನಾಶಕ ಸುರಿದರು. ಯಾವ ತೋಡಿನ ಮೀನು ಸತ್ತಿತು, ಯಾರ ಮನೆಯ ಜೇನು ಹೋಯಿತು ಎಂದು ಕಣ್ಣಾರೆ ಕಂಡವರು ಈಗ ಮುದುಕರಾಗಿದ್ದಾರೆ. ಅವರ ಮಾತನ್ನು ಮೊಮ್ಮಕ್ಕಳು ಫೋನಿನಲ್ಲಿ ರೆಕಾರ್ಡ್ ಮಾಡಲಿ.

ಇನ್ನು ಭಾಷೆ. 1956ರಲ್ಲಿ ನಾವು ಕೇರಳಕ್ಕೆ ಸೇರಿದೆವು. ಸರಕಾರಿ ಕಾಗದ ಹೆಚ್ಚಾಗಿ ಮಲಯಾಳದಲ್ಲಿ. ಗದ್ದೆ, ಗುಡ್ಡ, ತೋಡಿನ ಹೆಸರು ಹಿರಿಯರ ಬಾಯಲ್ಲಿ ತುಳು, ಕನ್ನಡ, ಹವ್ಯಕದಲ್ಲಿ. ಶಾಲೆಯ ಮಕ್ಕಳಿಗೆ ಮೂರ್ನಾಲ್ಕು ಭಾಷೆ ಬರುತ್ತದೆ, ಈ ಕೆಲಸಕ್ಕೆ ಅದಕ್ಕಿಂತ ದೊಡ್ಡ ಬಲ ಬೇಡ. ಯಾರು ಬೇಕಾದರೂ ಸೇರಿಸಬಹುದಾದ ಓಪನ್‌ಸ್ಟ್ರೀಟ್‌ಮ್ಯಾಪ್ ಎಂಬ ಇಂಟರ್‌ನೆಟ್ ನಕ್ಷೆಯಲ್ಲಿ ಒಂದೇ ಜಾಗಕ್ಕೆ ಕನ್ನಡ, ತುಳು, ಮಲಯಾಳ ಮೂರರಲ್ಲೂ ಹೆಸರು ಕೊಡಬಹುದು. ಹಾಗೆಯೇ ಕೊಡಬೇಕು.

ನೀವು ಬರುವುದಾದರೆ ಡಿಸೆಂಬರಿನಲ್ಲಿ ಬನ್ನಿ. ಕಟ್ಟ ಕಟ್ಟುವುದನ್ನು ನೋಡಬಹುದು, ಸುರಂಗದಲ್ಲಿಯೂ ನೀರಿರುತ್ತದೆ. ಟಾರ್ಚ್ ತನ್ನಿ. ಮನೆಯ ಅಜ್ಜ ಬನ್ನಿ ಅಂದ ಮೇಲೆಯೇ ಒಳಗೆ ಹೋಗಿ.