ಕ್ರೂಸ್‌ಗೆ ಮೊದಲೇ ಪಾಸ್‌ಪೋರ್ಟ್ ರಿನ್ಯೂ ಮಾಡಿಸಬೇಕಾ?

ಡಿಸೆಂಬರ್‌ನಲ್ಲಿ ಸಿಂಗಪುರದಿಂದ ಮಲೇಷ್ಯಾ ಕಡೆ ಕ್ರೂಸ್, ಪಾಸ್‌ಪೋರ್ಟ್ ಮುಗಿಯೋದು ಮಾರ್ಚ್‌ನಲ್ಲಿ ಅಂದಿದ್ದೀರಿ. ದಯವಿಟ್ಟು ಈಗಲೇ ರಿನ್ಯೂ ಮಾಡಿಸಿ. ಹೊರಡುವ ದಿನ ಪಾಸ್‌ಪೋರ್ಟ್ ಚಾಲ್ತಿಯಲ್ಲಿದ್ದರೆ ಸಾಲದು. ಎರಡೂ ದೇಶಗಳಿಗೆ ಹೋಗಲು ಕನಿಷ್ಠ 6 ತಿಂಗಳ ಅವಧಿ ಉಳಿದಿರಬೇಕು. ಇಲ್ಲದಿದ್ದರೆ ಬೆಂಗಳೂರಿನ ಚೆಕ್-ಇನ್ ಕೌಂಟರಿನಲ್ಲೇ ತಡೆಯಬಹುದು. ಹಡಗಿನ ಮಾತು ಆಮೇಲೆ, ಅಲ್ವಾ?

ಮುಗಿಯೋಕೆ ಒಂದು ವರ್ಷ ಇರುವಾಗಲೇ ಅರ್ಜಿ ಹಾಕಬಹುದು. ದೊಡ್ಡವರಿಗೆ 36 ಪುಟದ್ದಕ್ಕೆ 1,500 ರೂಪಾಯಿ, ತತ್ಕಾಲ್ ಆದರೆ 2,000 ಜಾಸ್ತಿ.

ಜನ ಮರೆಯುವುದು ಇದನ್ನೇ: ಹೊಸ ಪಾಸ್‌ಪೋರ್ಟ್‌ಗೆ ನಂಬರೂ ಹೊಸದು. ಸಿಂಗಪುರದ ವೀಸಾಗೆ ಆ ನಂಬರಿನಲ್ಲೇ ಅರ್ಜಿ ಹಾಕಿ. ಕ್ರೂಸ್ ಮತ್ತು ವಿಮಾನದ ಬುಕಿಂಗ್‌ನಲ್ಲೂ ಬದಲಾಯಿಸಿ. ಮೂಲೆ ಕತ್ತರಿಸಿ ವಾಪಸ್ ಕೊಟ್ಟ ಹಳೇ ಪಾಸ್‌ಪೋರ್ಟ್‌ನಲ್ಲಿ ಬೇರೆ ದೇಶದ ಚಾಲ್ತಿ ವೀಸಾ ಇದ್ದರೆ ಅದನ್ನು ಎಸೆಯಬೇಡಿ.